ಮನೆಯವರ ಮುನಿಸು, ಗಂಗಾಳದ ಕೊರತೆ



ಈ ಹೊತ್ತು ಬೀಜ-ಗೊಬ್ಬರದ ಮಾತು ಬಿಟ್ಟು ಮನೆಯೊಳಗಿನ ಒಂದು ಮಾತು ಹೇಳಬೇಕೆಂದಿದ್ದೇನೆ. ಆದರೆ ಅದನ್ನು ಹೊಲದಿಂದಲೇ ಸುರು ಮಾಡುತ್ತೇನೆ. ಯಾಕಂದರೆ ಹೊಲದ ಮಾತು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಕೂಳೆ ಕಬ್ಬಿನ ಸುಳಿ ಎಲೆ ಬೆಳ್ಳಗಾಗುವುದನ್ನು ನೀವೆಲ್ಲ ಕಂಡಿದ್ದೀರಿ. ಎಲೆಯ ನರ ಮಾತ್ರ ಹಸಿರಾಗಿ ಉಳಿದು ನಡುವಿನ ಭಾಗ ಬಿಳಚಿಕೊಳ್ಳುತ್ತದೆ, ಬೆಳೆ ನಿಂತ ಹಾಗೆ ನಿಲ್ಲುತ್ತದೆ. ಆಗ ನೀವು ಆ ಕಬ್ಬಿಗೆ ಮೈಗಳ್ಳ ಎಂದು ಬೈಯುವುದಿಲ್ಲ. ಬಾರಕೋಲು ತೆಗೆದುಕೊಂಡು ಹೊಡೆಯುವುದಿಲ್ಲ. ಸುಣ್ಣದ ಅಂಶ ಹೆಚ್ಚಿರುವ ಕರಿ ಮಣ್ಣಿನಲ್ಲಿ ಬೇರಿಗೆ ಕಬ್ಬಿಣ ಸಿಗುತ್ತಿಲ್ಲವೆಂದು ತಿಳಿದು, ಲೀಟರು ನೀರಿಗೆ 5 ಗ್ರಾಂ ಅನ್ನಭೇದಿ ಕಲಸಿ ಸಿಂಪಡಿಸುತ್ತೀರಿ. ಕೆಲವು ದಿನಗಳಲ್ಲಿ ಸುಳಿ ಹಸಿರಾಗುತ್ತದೆ.

ಹೊಲದಲ್ಲಿ ಇಷ್ಟು ತಿಳಿವಳಿಕೆ ಇರುವ ನಾವು ಮನೆಯೊಳಗೆ ಏನು ಮಾಡುತ್ತೇವೆ? "ಸೊಸಿ ಮೈಗಳ್ಳಿ ಅದಾಳ, ಒಂದ ಕೊಡ ನೀರ ತಂದ್ರ ಗ್ವಾಡಿಗೆ ಆತ ಕುಂಡ್ರತಾಳ" ಎನ್ನುತ್ತೇವೆ. "ಹುಡುಗ ಸಾಲಿಗೆ ಹ್ವಾದ್ರ ತೂಕಡಸ್ತಾನ, ಮನಿಗೆ ಬಂದ್ರ ಸಿಡಿಸಿಡಿ ಅಂತಾನ" ಎಂದು ಎರಡು ಏಟು ಹಾಕುತ್ತೇವೆ. ಹರೆಯದ ಮಗಳು ಮಂಕಾಗಿ ಕೂತರೆ "ಗಾಳಿ ಸೋಕೇತಿ" ಎಂದು ತಾಯತ ಕಟ್ಟಿಸುತ್ತೇವೆ. ಎಲೆ ಬಿಳಚಿದರೆ ಮಣ್ಣು ಪರೀಕ್ಷೆ, ಮಗು ಬಿಳಚಿದರೆ ಬೈಗಳು! ಇದು ನ್ಯಾಯವೇ, ನೀವೇ ಹೇಳಿರಿ.

ಊಟಬಲ್ಲವನಿಗೆ ರೋಗವಿಲ್ಲ, ಮಾತುಬಲ್ಲವನಿಗೆ ಜಗಳವಿಲ್ಲ ಎಂದು ಹಿರಿಯರು ಹೇಳಿದರು. ಊಟವನ್ನೂ ಜಗಳವನ್ನೂ ಒಂದೇ ಗಾದೆಯಲ್ಲಿ ಕೂಡಿಸಿದ್ದು ವಿಚಾರ ಮಾಡುವ ಮಾತೇ ಸರಿ. ಮನೆಯ ಎಷ್ಟೋ ಮುನಿಸು, ಮಂಕು, ಸಿಡುಕುಗಳ ಬೇರು ಗಂಗಾಳದಲ್ಲಿದೆ. ಎಲ್ಲವೂ ಅಲ್ಲ, ಆದರೆ ಗಂಗಾಳದಲ್ಲಿ ಇರುವಷ್ಟನ್ನಾದರೂ ಮೊದಲು ನೋಡಬೇಕು. ಇಷ್ಟೇ ನನ್ನ ಇಂದಿನ ಮಾತಿನ ಸಾರ.

ಮೊದಲು ಕಬ್ಬಿಣದ ವಿಚಾರ. ನಾವು ಎಳೆದ ಉಸಿರನ್ನು ಮೈಯ ಮೂಲೆಮೂಲೆಗೆ ಹೊತ್ತು ಒಯ್ಯುವುದು ರಕ್ತದ ಕೆಂಪು ಅಂಶ. ಅದು ತಯಾರಾಗಲು ಕಬ್ಬಿಣ ಬೇಕು. ಅದು ಕಡಿಮೆ ಬಿದ್ದರೆ ಕೈಕಾಲು ಸೋಲುತ್ತವೆ, ಏದುಸಿರು ಬರುತ್ತದೆ. ಮಿದುಳಿನ ಕೆಲಸಕ್ಕೂ ಕಬ್ಬಿಣ ಬೇಕಾದ್ದರಿಂದ ಗಮನ ನಿಲ್ಲುವುದಿಲ್ಲ, ಸಣ್ಣ ಮಾತಿಗೂ ಸಿಟ್ಟು ಬರುತ್ತದೆ, ಯಾವುದರಲ್ಲೂ ಮನಸ್ಸು ಇರುವುದಿಲ್ಲ. ಕೆಲವರು ಮಣ್ಣು, ಬಳಪ, ಹಸಿ ಅಕ್ಕಿ ತಿನ್ನುವುದೂ ಉಂಟು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65 ಮಂದಿಗೆ, ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಕಂಡುಬಂತು. ಅಂದರೆ ಇದು ಯಾರದೋ ಮನೆಯ ಸುದ್ದಿಯಲ್ಲ.

ಎರಡನೆಯದು ಜೋಳದ ವಿಚಾರ. ಇದು ನಮ್ಮ ಸೀಮೆಗೆ ಹತ್ತಿರದ ಕಥೆ, ಆದರೆ ಅದರ ಮೊದಲ ಭಾಗ ನಡೆದದ್ದು ದೂರದ ಅಮೇರಿಕದಲ್ಲಿ. ಅಲ್ಲಿನ ದಕ್ಷಿಣ ಪ್ರಾಂತಗಳಲ್ಲಿ ಬಡವರು ಗೋವಿನಜೋಳವನ್ನೇ ಹೊಟ್ಟೆ ತುಂಬ ಉಣ್ಣುತ್ತಿದ್ದರು. ಅವರಿಗೆ ಪೆಲಾಗ್ರಾ ಎಂಬ ರೋಗ ಬರುತ್ತಿತ್ತು. ಬಿಸಿಲು ತಾಗುವ ಕುತ್ತಿಗೆ, ಮುಂಗೈ, ಪಾದಗಳಲ್ಲಿ ಚರ್ಮ ಕಪ್ಪಾಗಿ ಸುಲಿಯುವುದು, ಹೊಟ್ಟೆ ಕೆಡುವುದು, ಕೊನೆಗೆ ಬುದ್ಧಿಯೇ ಕೆಡುವುದು. ಅನೇಕರು ಹುಚ್ಚರ ಆಸ್ಪತ್ರೆ ಸೇರಿದರು. 1914ರಲ್ಲಿ ಸರಕಾರ ಕಳಿಸಿದ ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯರು ಒಂದು ಸಂಗತಿ ಗಮನಿಸಿದರು: ಆಸ್ಪತ್ರೆಯಲ್ಲಿ, ಅನಾಥಾಲಯದಲ್ಲಿ ರೋಗ ಬರುತ್ತಿದ್ದುದು ಒಳಗಿದ್ದವರಿಗೆ, ಅವರ ನಡುವೆಯೇ ಓಡಾಡುವ ನೌಕರರಿಗೆ ಬರುತ್ತಿರಲಿಲ್ಲ. ಅಂಟುರೋಗವಾದರೆ ಹೀಗೇಕೆ? ಭೇದ ಇದ್ದದ್ದು ಊಟದಲ್ಲಿ. ಎರಡು ಅನಾಥಾಲಯಗಳ ಮಕ್ಕಳಿಗೆ ಹಾಲು, ಮೊಟ್ಟೆ, ಮಾಂಸ, ಕಾಳು ಕೊಡಿಸಿದರು, ರೋಗ ಹಿಮ್ಮೆಟ್ಟಿತು. ಅದಕ್ಕೆ ಕಾರಣ ನಯಾಸಿನ್ ಎಂಬ ಜೀವಸತ್ವದ ಕೊರತೆ ಎಂಬುದು 1937ರಲ್ಲಿ ಖಚಿತವಾಯಿತು.

ಇನ್ನು ನಮ್ಮ ಕಡೆಯ ಭಾಗ. ದಖನ್ನಿನ ಬಿಳಿಜೋಳದ ಸೀಮೆಯ ಬಡ ಕೂಲಿಗಳಲ್ಲಿಯೂ ಇದೇ ರೋಗ ಕಾಣುತ್ತಿತ್ತು. ಹೈದರಾಬಾದಿನ ಪೋಷಣಾ ಸಂಶೋಧನಾಲಯದ ಡಾ. ಸಿ. ಗೋಪಾಲನ್ ಮತ್ತು ಡಾ. ಎಸ್. ಜಿ. ಶ್ರೀಕಂಠಯ್ಯ ಅವರು 1960ರಲ್ಲಿ ಇದನ್ನು ಲೋಕದ ಮುಂದಿಟ್ಟರು. ಜೋಳದಲ್ಲಿರುವ ಲ್ಯೂಸಿನ್ ಎಂಬ ಅಂಶ ಹೆಚ್ಚಾಗಿ ನಯಾಸಿನ್‌ಗೆ ಅಡ್ಡಿಯಾಗುತ್ತದೆಂದು ಅವರು ಹೇಳಿದರು. ಆ ಕಾರಣದ ಬಗ್ಗೆ ಮುಂದೆ ಪಂಡಿತರಲ್ಲಿ ಚರ್ಚೆ ನಡೆಯಿತು. ಆದರೆ ಬರೀ ಜೋಳದ ಮೇಲೆ ಬದುಕಿದವರಿಗೆ ರೋಗ ಬಂದದ್ದು ಮಾತ್ರ ನಿಜ. ಈಗ ಅದು ಅಪರೂಪ.

ಇದನ್ನು ಕೇಳಿ ರೊಟ್ಟಿಗೆ ಹೆದರಬೇಡಿರಿ. ಜೋಳ ಒಳ್ಳೆಯ ಧಾನ್ಯ. ಪಾಲಿಶ್ ಮಾಡಿದ ಅಕ್ಕಿಗಿಂತ ಅದರಲ್ಲಿ ಕಬ್ಬಿಣವೂ ನಾರೂ ಹೆಚ್ಚು. ಕೆಟ್ಟದ್ದು ರೊಟ್ಟಿಯಲ್ಲ, ರೊಟ್ಟಿಯ ಪಕ್ಕ ಏನೂ ಇಲ್ಲದಿರುವುದು. ನಮ್ಮ ಅಜ್ಜಿಯರು ರೊಟ್ಟಿಯ ಜೊತೆಗೆ ಶೇಂಗಾ ಹಿಂಡಿ, ಮಡಿಕೆ ಕಾಳು, ಪುಂಡಿ ಪಲ್ಯ, ಗಟ್ಟಿ ಮೊಸರು ಇಟ್ಟರು. ಶೇಂಗಾದಲ್ಲಿ ಆ ನಯಾಸಿನ್ ಸಮೃದ್ಧವಾಗಿದೆ. ಹೆಸರು ಗೊತ್ತಿಲ್ಲದಿದ್ದರೂ ಮದ್ದು ಅವರ ಕೈಯಲ್ಲಿತ್ತು.

ಮೂರನೆಯದು ಬಿ-12 ಎಂಬ ಜೀವಸತ್ವ. ಇದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಲ್ಲಿದೆ, ಕಾಳು-ಪಲ್ಯಗಳಿಂದ ಸಿಗುವುದಿಲ್ಲ. ಸಸ್ಯಾಹಾರದ ಮನೆಗಳಲ್ಲಿ ಹಾಲು-ಮೊಸರೂ ಕಡಿಮೆಯಾದರೆ ಇದರ ಕೊರತೆ ಬೀಳುತ್ತದೆ. ಅಂಗಾಲು ಜುಮುಗುಡುವುದು, ಮರೆವು, ಮಂಕು, ಕಾರಣವಿಲ್ಲದ ಬೇಸರ ಇದರ ಗುರುತು. ಮುದುಕರಲ್ಲಿ ಇದನ್ನು ಕಂಡಾಗ "ಅರಳುಮರಳು" ಎಂದು ತಳ್ಳಿಹಾಕಬೇಡಿರಿ. ರಕ್ತ ಪರೀಕ್ಷೆ ಮಾಡಿಸಿರಿ. ಕೊರತೆಯಿದ್ದರೆ ವೈದ್ಯರು ಗುಳಿಗೆಯನ್ನೋ ಇಂಜೆಕ್ಷನ್ನನ್ನೋ ಕೊಡುತ್ತಾರೆ. ಆದರೆ ತಡ ಮಾಡಿದರೆ ನರಕ್ಕೆ ಆದ ಕೆಡುಕು ಪೂರ್ತಿ ಹಿಂದಿರುಗದು.

ಹಾಗಾದರೆ ನಮ್ಮ ಗಂಗಾಳ ಬರಿದಾದದ್ದು ಹೇಗೆ? ಮೊದಲು ಜೋಳದ ಹೊಲದಲ್ಲಿ ಅಕ್ಕಡಿ ಸಾಲು ಇರುತ್ತಿತ್ತು. ತೊಗರಿ, ಹೆಸರು, ಮಡಿಕೆ, ಅಲಸಂದಿ, ಬದುವಿನ ಮೇಲೆ ಪುಂಡಿ. ನೀರು ಬಂತು, ಕಬ್ಬು ಬಂತು, ರೊಕ್ಕ ಬಂತು. ಇದು ಸಂತೋಷದ ಮಾತೇ. ಆದರೆ ಕಬ್ಬು ಬಂದಾಗ ಅಕ್ಕಡಿ ಹೋಯಿತು. ಹೊಲದಿಂದ ಮನೆಗೆ ಬರುತ್ತಿದ್ದ ಬೇಳೆ ಈಗ ಅಂಗಡಿಯಿಂದ ಬರಬೇಕು. ಅಂಗಡಿಯಿಂದ ಬಂದದ್ದು ಚಮಚದಿಂದ ಅಳೆದು ಬೀಳುತ್ತದೆ. ಹೈನದ ಹಾಲು ಡೇರಿಗೆ ಹೋಗುತ್ತದೆ, ಮಗುವಿಗೆ ಉಳಿಯುವುದು ಚಹಾ ಮತ್ತು ಬಿಸ್ಕೀಟು. ಸಕ್ಕರೆ ತಿಂದ ಮಾತ್ರಕ್ಕೆ ಮಕ್ಕಳು ಹುಡದಿ ಮಾಡುತ್ತಾರೆಂಬುದು ಪರೀಕ್ಷೆಗಳಲ್ಲಿ ಸಿದ್ಧವಾಗಿಲ್ಲ; ಆದರೆ ಬಿಸ್ಕೀಟು ಮತ್ತು ಕುರುಕುರು ಪಾಕೀಟಿನಿಂದ ಹೊಟ್ಟೆ ತುಂಬಿದ ಮಗು ರೊಟ್ಟಿ-ಪಲ್ಯ ಮುಟ್ಟುವುದಿಲ್ಲವೆಂಬುದು ತಾಯಂದಿರೆಲ್ಲ ಬಲ್ಲ ಸತ್ಯ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಮಾತಿದೆ. ಗಂಡಸರು ವಿಶೇಷವಾಗಿ ಕೇಳಬೇಕು. ನಮ್ಮ ಮನೆಗಳಲ್ಲಿ ಗಂಡಸರ ಊಟ ಮೊದಲು, ಆಮೇಲೆ ಮಕ್ಕಳು, ಅತ್ತಿ. ಎಲ್ಲರದೂ ಮುಗಿದ ಮೇಲೆ ಸೊಸಿ. ಅಷ್ಟು ಹೊತ್ತಿಗೆ ಗಡಿಗೆಯಲ್ಲಿ ಕಾಳು ತೀರಿ ಬರೀ ಸಾರು ಉಳಿದಿರುತ್ತದೆ. ತಿಂಗಳು ತಿಂಗಳು ರಕ್ತ ಕಳೆದುಕೊಳ್ಳುವವಳು ಅವಳೇ, ಬಸುರು-ಬಾಣಂತನ ಹೊರುವವಳು ಅವಳೇ, ಬರೀ ಸಾರು ಉಣ್ಣುವವಳೂ ಅವಳೇ. ಆಮೇಲೆ "ಬಾಯಿ ಜೋರ ಐತಿ, ಕೆಲಸಾ ಆಗೂದಿಲ್ಲ" ಎಂಬ ಮಾತು ಬೇರೆ! ದಯಮಾಡಿ ಇಂದಿನ ರಾತ್ರಿಯಿಂದಲೇ ಎಲ್ಲರೂ ಕೂಡಿ ಊಟಕ್ಕೆ ಕೂಡ್ರಿರಿ. ಅದು ಆಗದಿದ್ದರೆ ಅತ್ತಿಯವರೆ, ಸೊಸಿಯ ಪಾಲಿನ ಕಾಳು-ಪಲ್ಯವನ್ನು ಮೊದಲೇ ಬೇರೆ ಬಟ್ಟಲಲ್ಲಿ ತೆಗೆದಿಡಿರಿ. ಇದಕ್ಕೆ ಒಂದು ಪೈಸೆಯ ಖರ್ಚಿಲ್ಲ.

ಈಗ ಅಳತೆ ಹೇಳುತ್ತೇನೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2024ರಲ್ಲಿ ಹೇಳಿದ ಪ್ರಕಾರ ದೊಡ್ಡವರಿಗೆ ದಿನಕ್ಕೆ ಸುಮಾರು 85 ಗ್ರಾಂ ಬೇಳೆಕಾಳು, 100 ಗ್ರಾಂ ತಪ್ಪಲ ಪಲ್ಯ, 300 ಮಿಲಿಲೀಟರು ಹಾಲು ಅಥವಾ ಮೊಸರು ಬೇಕು. ಐದು ಜನ ದೊಡ್ಡವರ ಮನೆಗೆ ದಿನಕ್ಕೆ ಅರ್ಧ ಕಿಲೋಕ್ಕೆ ಸ್ವಲ್ಪ ಕಡಿಮೆ ಕಾಳು. ನಾಳೆ ಮುಂಜಾನೆ ನಿಮ್ಮ ಗಡಿಗೆಯಲ್ಲಿ ಎಷ್ಟು ಬೀಳುತ್ತದೆಂದು ಅಳೆದು ನೋಡಿರಿ. ಕಾಳನ್ನು ಮೊಳಕೆ ಕಟ್ಟಿ, ಊಟದಲ್ಲಿ ಲಿಂಬಿಹಣ್ಣು ಹಿಂಡಿಕೊಂಡರೆ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟದ ಜೊತೆ ಚಹಾ ಕುಡಿದರೆ ಅದೇ ಕಬ್ಬಿಣ ವ್ಯರ್ಥವಾಗುತ್ತದೆ. ಊಟಕ್ಕೂ ಚಹಾಕ್ಕೂ ನಡುವೆ ಒಂದು ತಾಸು ಬಿಡಿರಿ. ಹಾಲನ್ನು ಡೇರಿಗೆ ಒಯ್ಯುವ ಮುನ್ನ ಮನೆಯ ಪಾಲು ತೆಗೆದಿಡಿರಿ. ಸಾಲಿಯಲ್ಲಿ 2013ರಿಂದ ಕ್ಷೀರಭಾಗ್ಯದ ಹಾಲು ಕೊಡುತ್ತಾರೆಂದು ಮನೆಯ ಹಾಲು ನಿಲ್ಲಿಸಬೇಡಿರಿ. ಅಂಗನವಾಡಿಯಲ್ಲಿ ಬಸುರಿ-ಬಾಣಂತಿಯರಿಗೆ 2017ರಿಂದ ಮಾತೃಪೂರ್ಣ ಊಟವಿದೆ. "ಮಂದಿ ಏನಂತಾರ" ಎಂದು ಸೊಸಿಯನ್ನು ತಡೆಯಬೇಡಿರಿ.

"ನಮ್ಮೂರ ಹೆಸರಿನಾಗ ಬೆಲ್ಲ ಐತಿ, ನಮಗೇನ ಕೊರತಿ?" ಎಂದು ಯಾರಾದರೂ ಕೇಳಬಹುದು. ಬೆಲ್ಲದಲ್ಲಿ ಕಬ್ಬಿಣ ಇಲ್ಲವೆಂದಲ್ಲ. ಆದರೆ ಒಂದು ತುಣುಕು ಬೆಲ್ಲದಿಂದ ಬರುವುದು ಅತ್ಯಲ್ಪ, ಅದಕ್ಕೆಂದು ಬೆಲ್ಲವನ್ನೇ ತಿನ್ನುತ್ತ ಕೂತರೆ ಬೇರೆ ರೋಗ. ಶೇಂಗಾ, ಎಳ್ಳು ಕೂಡಿಸಿ ಉಂಡಿ ಕಟ್ಟಿದರೆ ಮಕ್ಕಳಿಗೆ ಬಿಸ್ಕೀಟಿಗಿಂತ ಎಷ್ಟೋ ಮೇಲು.

ಹೊಲದ ಕೆಲಸವೂ ಕಠಿಣವಲ್ಲ. ಕಬ್ಬನ್ನು ನಾಲ್ಕು-ಐದು ಅಡಿ ಅಗಲ ಸಾಲಿನಲ್ಲಿ ನಾಟಿದವರು ನಡುವೆ ಹೆಸರು ಅಥವಾ ಉದ್ದು ಹಾಕಿರಿ. ಹೆಸರು 65-70 ದಿನಗಳಲ್ಲಿ ಕೈಗೆ ಬರುತ್ತದೆ, ಅದರ ಬೇರು ಮಣ್ಣಿಗೂ ಸಾರಜನಕ ಕೊಡುತ್ತದೆ. ನೀರಿನ ಟಾಕಿಯ ಹತ್ತಿರ ಅರ್ಧ ಗುಂಟೆ ಜಾಗದಲ್ಲಿ ಮೆಂತೆ, ರಾಜಗಿರಿ, ಪಾಲಕ ಸರತಿಯಂತೆ ಬಿತ್ತಿರಿ. ಬದುವಿಗೆ ಎರಡು ನುಗ್ಗಿ ಗಿಡ ಇರಲಿ. ಕಬ್ಬಿಗೆ ಹೊಡೆಯುವ ಕಳೆನಾಶಕ, ಕೀಟನಾಶಕ ಈ ಪಲ್ಯದ ಮೇಲೆ ಬೀಳದಂತೆ ಎಚ್ಚರವಿರಲಿ.

ಇನ್ನು ಗುಳಿಗೆಯ ಮಾತು. ನಾನು ಕೃಷಿ ಓದಿದವನು, ವೈದ್ಯನಲ್ಲ. ಆದ್ದರಿಂದ ಆರೋಗ್ಯ ಇಲಾಖೆಯವರು ಹೇಳಿದ್ದನ್ನೇ ಹೇಳುತ್ತೇನೆ. ಮೊದಲು ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ. ಹೆಣ್ಣುಮಕ್ಕಳಿಗೆ 12ಕ್ಕಿಂತ, ಬಸುರಿಯರಿಗೆ 11ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. ಕಬ್ಬಿಣದ ಗುಳಿಗೆ ಅಲ್ಲಿ ಪುಕ್ಕಟೆ ಸಿಗುತ್ತದೆ. ಸಾಲಿಯಲ್ಲಿ ಸಣ್ಣ ಮಕ್ಕಳಿಗೆ ವಾರಕ್ಕೊಂದು ಗುಲಾಬಿ, ದೊಡ್ಡ ಮಕ್ಕಳಿಗೆ ವಾರಕ್ಕೊಂದು ನೀಲಿ ಗುಳಿಗೆ. ಅದನ್ನು ತಗೊಂಡರೆ ಮಲ ಕಪ್ಪಗಾಗುತ್ತದೆ, ಕೆಲವರಿಗೆ ಹೊಟ್ಟೆ ತೊಳಸುತ್ತದೆ. ಅದಕ್ಕೆ ಹೆದರಿ ಗುಳಿಗೆ ಚೆಲ್ಲಬೇಡಿರಿ, ಊಟದ ನಂತರ ತಗೊಳ್ಳಿರಿ. ಬರಿಗಾಲಿನಲ್ಲಿ ಹೊಲ ತುಳಿಯುವ ಮಕ್ಕಳಿಗೆ ಕೊಕ್ಕೆಹುಳು ಹತ್ತಿ ರಕ್ತ ಹೀರುತ್ತದೆ. ಫೆಬ್ರುವರಿ ಮತ್ತು ಆಗಸ್ಟ್ ತಿಂಗಳಲ್ಲಿ ಕೊಡುವ ಜಂತುಹುಳುವಿನ ಗುಳಿಗೆ ತಪ್ಪಿಸಬೇಡಿರಿ.

ಮೂರು ಎಚ್ಚರ. ಒಂದು, ಈ ಗುಳಿಗೆಗಳಲ್ಲಿ ಎಷ್ಟೋ ಅನ್ನಭೇದಿಯದೇ ಶುದ್ಧರೂಪ. ಹಾಗೆಂದು ಹೊಲಕ್ಕೆ ತಂದ ಅನ್ನಭೇದಿಯನ್ನು ಎಂದಿಗೂ ಬಾಯಿಗೆ ಹಾಕಬಾರದು. ಎರಡು, ಗುಳಿಗೆ ಡಬ್ಬಿ ಕೂಸಿನ ಕೈಗೆ ಸಿಗಬಾರದು. ಹಿಡಿ ಗುಳಿಗೆ ನುಂಗಿದ ಕೂಸು ಜೀವ ಕಳೆದುಕೊಳ್ಳಬಹುದು. ಮೂರು, ಸಂತೆಯಲ್ಲಿ ಮಾರುವ "ಬುದ್ಧಿ ಬಲಿಸೋ ಟಾನಿಕ್", "ಸಿಟ್ಟ ಇಳಿಸೋ ಪುಡಿ"ಗಳಿಗೆ ರೊಕ್ಕ ಸುರಿಯಬೇಡಿರಿ. ಆ ರೊಕ್ಕದಲ್ಲಿ ಶೇಂಗಾ, ಮೊಟ್ಟೆ, ಹೆಸರುಕಾಳು ಬರುತ್ತವೆ.

ಕೊನೆಯದಾಗಿ, ಮನಸ್ಸಿನ ನೋವೆಲ್ಲ ಊಟದಿಂದ ಹೋಗುವುದಿಲ್ಲ. ಸಾಲದ ಚಿಂತೆ, ಕುಡಿತ, ಸಾವಿನ ದುಃಖ, ಮನೋರೋಗ, ಇವಕ್ಕೆ ಬೇರೆ ಉಪಾಯ ಬೇಕು. ಪರೀಕ್ಷೆಯಲ್ಲಿ ರಕ್ತ ಸರಿಯಿದ್ದೂ ಮಂಕು ಹೋಗದಿದ್ದರೆ ತಾಲ್ಲೂಕು ಆಸ್ಪತ್ರೆಗೆ ಹೋಗಿರಿ. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ದೊಡ್ಡ ಮಾನಸಿಕ ಆಸ್ಪತ್ರೆಯೇ ಇದೆ. 14416 ನಂಬರಿಗೆ ಫೋನು ಮಾಡಿದರೆ ಹಗಲು-ರಾತ್ರಿ ಎನ್ನದೆ ಪುಕ್ಕಟೆಯಾಗಿ ಮಾತಾಡುತ್ತಾರೆ. ಮನೆಯಲ್ಲಿ ಯಾರಾದರೂ ಸಾಯುವ ಮಾತಾಡಿದರೆ ಅದನ್ನು ನಾಟಕವೆನ್ನಬೇಡಿರಿ. ಬೆಳೆಗೆ ಹೊಡೆಯುವ ಎಣ್ಣೆಯ ಡಬ್ಬಿಗೆ ಕೀಲಿ ಹಾಕಿ, ಅವರನ್ನು ಒಂಟಿ ಬಿಡದೆ ದವಾಖಾನೆಗೆ ಕರೆದೊಯ್ಯಿರಿ.

ಎಲೆ ಬಿಳಚಿದಾಗ ಬೆಳೆಯನ್ನು ಬೈಯದ ನೀವು ಮನೆಯ ಜೀವಗಳಿಗೂ ಅದೇ ನ್ಯಾಯ ತೋರಿಸಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಬೈಯುವ ಮುನ್ನ ಗಂಗಾಳ ನೋಡಿರಿ, ಹೊಡೆಯುವ ಮುನ್ನ ರಕ್ತ ಪರೀಕ್ಷೆ ಮಾಡಿಸಿರಿ.