ಲಗಾಮು ಯಾರ ಕೈಯಲ್ಲಿ?

(ಕಾರ್ಮಿಕರ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)



ಮಿಲ್ಲಿನಲ್ಲಿ ದುಡಿಯುವ ನಿಮಗೆಲ್ಲ ಮೋಟಾರಿನ ಮೈಮೇಲೆ ಬಡಿದಿರುವ ತಗಡಿನ ಪರಿಚಯವಿದೆ. ಐದು ಎಚ್.ಪಿ., ಹತ್ತು ಎಚ್.ಪಿ. ಎಂದು ಅದರ ಮೇಲೆ ಬರೆದಿರುತ್ತದೆ. ಹಿಟ್ಟಿನ ಗಿರಣಿ ಕಂಡ ವರ್ತಕ ಮಿತ್ರರಿಗೂ ಈ ಮಾತು ಹೊಸದಲ್ಲ. ಎಚ್.ಪಿ. ಎಂದರೆ ಕುದುರೆಯ ಶಕ್ತಿ. ಒಂದು ಕುದುರೆಯೂ ಇಲ್ಲದ ಮಿಲ್ಲಿನಲ್ಲಿ ಕುದುರೆಯ ಹೆಸರು ಏಕೆ?

1780ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಜೇಮ್ಸ್ ವಾಟ್ ತನ್ನ ಉಗಿಯಂತ್ರವನ್ನು ಮಾರಲು ಹೊರಟ. ಅವನ ಗಿರಾಕಿಗಳಲ್ಲಿ ಅನೇಕರು ಕುದುರೆ ಕಟ್ಟಿ ಗಾಣದಂತೆ ಚಕ್ರ ತಿರುಗಿಸುತ್ತಿದ್ದವರು. ಹೊಸ ಯಂತ್ರ ಎಷ್ಟು ಕುದುರೆಗೆ ಸಮ ಎಂದು ಅವರಿಗೆ ತಿಳಿಯಬೇಕಾಗಿತ್ತು. ಒಂದು ನಿಮಿಷದಲ್ಲಿ 33,000 ಪೌಂಡು ಭಾರವನ್ನು ಒಂದಡಿ ಎತ್ತುವ ಬಲವೇ ಒಂದು ಕುದುರೆಯ ಶಕ್ತಿ ಎಂದು ವಾಟ್ ಲೆಕ್ಕ ಕಟ್ಟಿದ. ಆ ಲೆಕ್ಕ ಇಂದಿಗೂ ನಮ್ಮ ಮೋಟಾರುಗಳ ಮೇಲಿದೆ.

ಈ ಬಲ ಮನುಷ್ಯನ ವಶಕ್ಕೆ ಬಂದದ್ದು ಹೇಗೆ? ಬಂದ ಮೇಲೆ ಯಾರ ಕೈ ಸೇರಿತು? ನಾವು ವಿಚಾರ ಮಾಡಬೇಕಾದ್ದು ಇದನ್ನೇ.

ದನ, ಕುರಿ, ಮೇಕೆಗಳು ಮನೆ ಸೇರಿ ಸಾವಿರಾರು ವರ್ಷಗಳಾದ ಮೇಲೆ ಕುದುರೆಯ ಸರದಿ ಬಂದಿತು. ಕಜಾಕಸ್ತಾನದ ಬೊಟಾಯ್ ಎಂಬಲ್ಲಿ ಸುಮಾರು 5,500 ವರ್ಷಗಳ ಹಿಂದಿನ ಮಡಕೆ ಚೂರುಗಳಲ್ಲಿ ಕುದುರೆಹಾಲಿನ ಜಿಡ್ಡು ಸಿಕ್ಕಿತೆಂದು 2009ರಲ್ಲಿ ವಿಜ್ಞಾನಿಗಳು ತಿಳಿಸಿದರು. ಆದರೆ ಇಂದಿನ ಕುದುರೆಗಳು ಆ ವಂಶದವಲ್ಲ. ಹಳೆಯ ಎಲುಬುಗಳ ಡಿ.ಎನ್.ಎ. ಪರೀಕ್ಷೆ ನಡೆಸಿದ ವಿಜ್ಞಾನಿಗಳು 2021ರಲ್ಲಿ ಕೊಟ್ಟ ತೀರ್ಮಾನವೆಂದರೆ, ಜಟಕಾ ಕುದುರೆಯಿಂದ ರೇಸಿನ ಕುದುರೆಯವರೆಗೆ ಎಲ್ಲದರ ಮೂಲ ರಷ್ಯದ ವೋಲ್ಗಾ ಮತ್ತು ದೋನ್ ನದಿಗಳ ಸೀಮೆಯ ಹುಲ್ಲುಗಾವಲು. ಅಲ್ಲಿಂದ ಸುಮಾರು 4,200 ವರ್ಷಗಳ ಹಿಂದೆ ಹೊರಟ ತಳಿ ಕೆಲವೇ ಶತಮಾನಗಳಲ್ಲಿ ಯುರೋಪು, ಏಷ್ಯಗಳಲ್ಲಿ ಹರಡಿತು. ಗಟ್ಟಿ ಬೆನ್ನಿನ, ಸಾಧು ಸ್ವಭಾವದ ಕುದುರೆಗಳನ್ನು ಆರಿಸಿ ಆರಿಸಿ ಬೆಳೆಸಿದವರು ಹೆಸರಿಲ್ಲದ ಪಶುಪಾಲಕರು. ಯಾವ ಚಕ್ರವರ್ತಿಯೂ ಅಲ್ಲ.

ಕುದುರೆ ಬಂದ ಮೇಲೆ ದೂರ ಕುಗ್ಗಿತು. ಸುದ್ದಿ, ಸರಕು, ಸೈನ್ಯ ಮೂರಕ್ಕೂ ವೇಗ ಬಂದಿತು. ಹದಿಮೂರನೆಯ ಶತಮಾನದಲ್ಲಿ ಮಂಗೋಲರು ದಾರಿಯುದ್ದಕ್ಕೂ ಅಂಚೆಯ ಕುದುರೆಗಳನ್ನು ಕಟ್ಟಿ, ಚೀನದಿಂದ ರಷ್ಯದವರೆಗೆ ಅಧಿಕಾರ ನಡೆಸಿದರು. ಆದರೆ ಕುದುರೆಗೆ ಹುಲ್ಲು ಬೇಕು, ಕಾಳು ಬೇಕು, ಮೈ ತಿಕ್ಕುವ ಆಳು ಬೇಕು. ನಮ್ಮ ಸೀಮೆಯಲ್ಲಿ ಎತ್ತು ರೈತನ ಕೊಟ್ಟಿಗೆಯಲ್ಲಿ ಉಳಿಯಿತು. ಕುದುರೆ ಅರಸನ ಲಾಯ ಸೇರಿತು.

ವಿಜಯನಗರವನ್ನೇ ನೋಡಿ. ದಕ್ಷಿಣದ ಹವೆಗೆ ಒಳ್ಳೆಯ ಕುದುರೆ ಬೆಳೆಯುವುದು ಕಷ್ಟ. ಅರಬಸ್ತಾನ, ಪಾರಸಿ ಕಡೆಯ ಕುದುರೆಗಳು ಹಡಗಿನಲ್ಲಿ ಭಟ್ಕಳ, ಗೋವೆಗಳಿಗೆ ಬಂದಿಳಿಯುತ್ತಿದ್ದವು. ಹದಿನಾರನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಪೋರ್ಚುಗೀಸ್ ವ್ಯಾಪಾರಿ ನೂನಿಜ್, ರಾಯರು ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದರೆಂದು ಬರೆದಿದ್ದಾನೆ. ಅದಕ್ಕೂ ಮುಂಚೆ ಸಾಳುವ ನರಸಿಂಹನ ಕಾಲದಲ್ಲಿ, ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಪೂರ್ತಿ ಬೆಲೆ ಸಿಗುತ್ತಿತ್ತಂತೆ! ರೈತರು ಬೆಳೆಯ ಹತ್ತರಲ್ಲಿ ಒಂಬತ್ತು ಪಾಲನ್ನು ಒಡೆಯರಿಗೆ ತೆರುತ್ತಿದ್ದರೆಂದು ಬರೆದವನೂ ಅವನೇ. ಲೆಕ್ಕದಲ್ಲಿ ಅತಿಶಯವಿರಬಹುದು. ಆದರೆ ಸತ್ತ ಕುದುರೆಯ ಬಾಲಕ್ಕೆ ಹಣ ಕೊಟ್ಟವರು ಕೊನೆಗೆ ಯಾರೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಬಲ ಕೈಗೆ ಬಂದವರು ಅದು ಇತರರಿಗೆ ಸಿಗದಂತೆ ಕಾಯುತ್ತಾರೆ. ಐರ್ಲೆಂಡಿನಲ್ಲಿ 1695ರ ಕಾನೂನು, ಕ್ಯಾಥೊಲಿಕರು ಐದು ಪೌಂಡಿಗೆ ಮೀರಿದ ಬೆಲೆಯ ಕುದುರೆ ಇಟ್ಟುಕೊಳ್ಳಬಾರದೆಂದಿತು. ನಾವು ನಗಬೇಕಾಗಿಲ್ಲ. ನಮ್ಮದೇ ದೇಶದಲ್ಲಿ, ರಾಜಸ್ಥಾನ, ಗುಜರಾತುಗಳ ಹಳ್ಳಿಗಳಲ್ಲಿ, ಈ ಶತಮಾನದಲ್ಲಿಯೂ ಕುದುರೆಯೇರಿದ ದಲಿತ ಮದುಮಗನ ಮೇಲೆ ಕಲ್ಲು ಬಿದ್ದಿದೆ. ಪೋಲೀಸರ ಕಾವಲಿನಲ್ಲಿ ದಿಬ್ಬಣ ಹೊರಟಿದೆ. ಯುದ್ಧದ ಕುದುರೆಯ ಕಾಲ ಮುಗಿಯಿತು. ಕುದುರೆಯ ಮೇಲೆ ಯಾರು ಕೂರಬೇಕೆಂಬ ಹಳೆಯ ಅಹಂಕಾರ ಮಾತ್ರ ಮುಗಿದಿಲ್ಲ.

ಹಾಗೆಂದು ನಾವು ಕುದುರೆಯನ್ನು ದೂರುವುದಿಲ್ಲ, ಯಂತ್ರವನ್ನೂ ದೂರುವುದಿಲ್ಲ. ಎರಡೂ ಮನುಷ್ಯನ ಬೆನ್ನ ಮೇಲಿನ ಭಾರ ಇಳಿಸಬಲ್ಲವು. ನಾಳೆ ಮೋಟಾರಿನ ತಗಡನ್ನು ಕಂಡಾಗ ಎಷ್ಟು ಕುದುರೆಯ ಶಕ್ತಿ ಎಂದಷ್ಟೇ ಓದಿ ಸುಮ್ಮನಾಗಬೇಡಿ. ಲಗಾಮು ಯಾರ ಕೈಯಲ್ಲಿದೆ, ಹುಲ್ಲು ಹೊರುವವರು ಯಾರು ಎಂದೂ ಕೇಳಿ. ಕುದುರೆಗೆ ಲಗಾಮು ಹಾಕುವುದನ್ನು ಮನುಷ್ಯ ಕಲಿತು ನಾಲ್ಕು ಸಾವಿರ ವರ್ಷ ದಾಟಿತು. ಸವಾರನಿಗೆ ಲಗಾಮು ಹಾಕುವ ಕೆಲಸ ಇನ್ನೂ ಬಾಕಿ ಇದೆ.