ಸಣ್ಣ ಟ್ರ್ಯಾಕ್ಟರ್ ಕೊಳ್ಳುವ ಮೊದಲು



ಹಡಗಲಿ ತಾಲ್ಲೂಕಿನ ಹೊಳಲಿನಲ್ಲಿ ಯಾವುದೇ ಚಹಾದಂಗಡಿ ಮುಂದೆ ನಿಂತು ಯಾವ ಟ್ರ್ಯಾಕ್ಟರ್ ತರೋಣ ಎಂದು ಕೇಳಿ ನೋಡಿ, ಉತ್ತರ ಬಣ್ಣದಲ್ಲೇ ಬರುತ್ತದೆ. ಒಬ್ಬರಿಗೆ ಕೆಂಪು ಮಹೀಂದ್ರಾ, ಇನ್ನೊಬ್ಬರಿಗೆ ಹಸಿರು ಜಾನ್ ಡಿಯರ್, ಈಚೆಗೆ ಕೆಲವರಿಗೆ ಕಿತ್ತಳೆ ಬಣ್ಣದ ಕುಬೋಟಾ. ನಲವತ್ತೈದು, ಐವತ್ತು ಎಚ್‌ಪಿಯ ದೊಡ್ಡ ಗಾಡಿಗಳಿಗೆ ಈ ಅಭಿಮಾನ ನಡೆದೀತು. ಮನೆ ಹಿಂದಿನ ಎರಡು ಮೂರು ಎಕರೆಗೆ, ಮಲ್ಲಿಗೆ ತೋಟಕ್ಕೆ, ತೆಂಗಿನ ಸಾಲಿಗೆ ಬೇಕಾದ ಮಿನಿ ಟ್ರ್ಯಾಕ್ಟರ್ ವಿಷಯದಲ್ಲಿ ಮಾತ್ರ ಬಣ್ಣ ನೋಡಿ ಆರಿಸಿದರೆ ಕೆಡುತ್ತೇವೆ.

ಬಣ್ಣ ಬೇರೆಯಾದ ಮಾತ್ರಕ್ಕೆ ಮನೆತನ ಬೇರೆಯೂ ಅಲ್ಲ. ಸ್ವರಾಜ್ 2007ರಿಂದ ಮಹೀಂದ್ರಾ ಒಡೆತನದಲ್ಲಿದೆ. ಎಸ್ಕಾರ್ಟ್ಸ್ 2022ರಲ್ಲಿ ಎಸ್ಕಾರ್ಟ್ಸ್ ಕುಬೋಟಾ ಆಯಿತು. ಇನ್ನೊಂದು ಕಡೆ, ಒಂದೇ ಕಂಪನಿಯ ಎರಡು ಸಣ್ಣ ಗಾಡಿಗಳ ನಡುವೆ ಅಜಗಜಾಂತರ ಇರುತ್ತದೆ. ಮಹೀಂದ್ರಾದ ಯುವರಾಜ್ 215 ಒಂದೇ ಸಿಲಿಂಡರಿನ 15 ಎಚ್‌ಪಿ ಗಾಡಿ, ಹಿಂದಿನ ಚಕ್ರಗಳಿಗೆ ಮಾತ್ರ ಎಳೆತ. ಅದೇ ಮನೆಯ ಜೀವೋ 245 ಎರಡು ಸಿಲಿಂಡರಿನದು, 24 ಎಚ್‌ಪಿ, ನಾಲ್ಕೂ ಚಕ್ರ ಎಳೆಯುತ್ತವೆ. ಹೀಗಿರುವಾಗ ಮಾವನ ಮನೆಯ ದೊಡ್ಡ ಟ್ರ್ಯಾಕ್ಟರ್ ಇಪ್ಪತ್ತು ವರ್ಷ ಬಾಳಿಕೆ ಬಂದದ್ದು ನೀವು ಕೊಳ್ಳಲಿರುವ ಮಿನಿಗೆ ಸಾಕ್ಷಿಯಾಗದು.

ಹಾಗಾದರೆ ಏನು ನೋಡಬೇಕು? ಷೋರೂಮಿಗೆ ಹೋಗುವ ಮೊದಲು ಟೇಪು ಹಿಡಿದು ತೋಟಕ್ಕೆ ಹೋಗಿ. ಬುಡದಿಂದ ಬುಡಕ್ಕೆ ಅಳೆಯಬೇಡಿ. ಈ ಸಾಲಿನ ರೆಂಬೆಯ ತುದಿಯಿಂದ ಎದುರು ಸಾಲಿನ ರೆಂಬೆಯ ತುದಿಗೆ ಅಳೆಯಿರಿ. ನೆಟ್ಟಾಗ ಐದು ಅಡಿ ಬಿಟ್ಟಿದ್ದ ಸಾಲು ಗಿಡ ಹಬ್ಬಿದ ಮೇಲೆ ಮೂರೂವರೆ ಅಡಿಗೆ ಇಳಿದಿರುತ್ತದೆ. ಅದರಲ್ಲಿ ಎರಡೂ ಬದಿಗೆ ಅರ್ಧರ್ಧ ಅಡಿ ಬಿಟ್ಟರೆ ಉಳಿಯುವುದೇ ನಿಮ್ಮ ಗಾಡಿಯ ಅಗಲ. ರೋಟವೇಟರ್ ಚಕ್ರಗಳ ಹೊರ ಅಂಚಿಗಿಂತ ಕಿರಿದಾಗಿದ್ದರೆ ಚಕ್ರ ತುಳಿದ ಗಟ್ಟಿ ಪಟ್ಟಿ ಹಾಗೇ ಉಳಿದು ಅಲ್ಲೇ ಕಳೆ ಏಳುತ್ತದೆ. ಬದುವಿನ ಹತ್ತಿರ ತಿರುಗಿಸಲು ಜಾಗ ಎಷ್ಟಿದೆ ಎಂಬುದನ್ನೂ ಅಳೆದುಕೊಳ್ಳಿ. ಸಾಲಿನ ಕೊನೆಯ ಗಿಡಗಳು ಮುರಿಯುವುದು ಅಲ್ಲೇ.

ಆಮೇಲೆ ಎಚ್‌ಪಿ. ಗಾಡಿಯ ಎಚ್‌ಪಿ ಎಂದು ಹೇಳುವುದು ಎಂಜಿನ್ನಿನ ಶಕ್ತಿ. ರೋಟವೇಟರ್, ಔಷಧಿ ಸಿಂಪಡಿಸುವ ಪಂಪು ಇವಕ್ಕೆಲ್ಲ ಸಿಗುವುದು ಹಿಂದಿನ ಪಿಟಿಒ ಶಾಫ್ಟಿನ ಶಕ್ತಿ. ಜೀವೋ 245ರ 24 ಎಚ್‌ಪಿಯಲ್ಲಿ ಪಿಟಿಒಗೆ 22 ಬರುತ್ತದೆ, ಕುಬೋಟಾ ನಿಯೋಸ್ಟಾರ್ ಎ211ಎನ್ ಗಾಡಿಯ 21ರಲ್ಲಿ 15.4 ಎಂದು ಕಂಪನಿಗಳೇ ಹೇಳುತ್ತವೆ. ಕುಬೋಟಾ ಕಡಿಮೆ ಎಂದು ಅರ್ಥವಲ್ಲ, ಅದು ಮೂರು ಸಿಲಿಂಡರಿನ, ನಾಲ್ಕೂ ಚಕ್ರ ಎಳೆಯುವ ಚೊಕ್ಕ ಗಾಡಿ. ಆದರೆ ರೋಟವೇಟರ್ ಎಷ್ಟು ಅಡಿಯದು ಎಂದು ತೀರ್ಮಾನಿಸುವುದು ಈ ಎರಡನೆಯ ಅಂಕಿ. ಕಂಪನಿ ಮಾತು ಸಾಲದು ಎನ್ನುವವರಿಗೆ ಮಧ್ಯಪ್ರದೇಶದ ಬುದ್ನಿಯಲ್ಲಿ ಕೇಂದ್ರ ಸರ್ಕಾರದ ಪರೀಕ್ಷಾ ಸಂಸ್ಥೆಯಿದೆ. ಅಲ್ಲಿನ ವರದಿಯಲ್ಲಿ ಪಿಟಿಒ ಶಕ್ತಿ, ಎಳೆತ, ಡೀಸೆಲ್ ಖರ್ಚು ಎಲ್ಲವೂ ಇರುತ್ತದೆ. ಡೀಲರನ ಹತ್ತಿರ ಆ ವರದಿ ಕೇಳುವುದಕ್ಕೆ ಸಂಕೋಚ ಬೇಡ.

ನಮ್ಮ ಮಣ್ಣನ್ನೂ ಮರೆಯುವಂತಿಲ್ಲ. ಮಸಾರಿ ಹೊಲದಲ್ಲಿ ಎಂಟು ಕ್ವಿಂಟಲ್ ತೂಗದ ಹಗುರ ಗಾಡಿಯೂ ಕುಂಟೆ, ರೋಟವೇಟರ್ ಎಳೆದುಕೊಂಡು ಹೋಗುತ್ತದೆ. ಎರೆ ಹೊಲ ಹಾಗಲ್ಲ. ಒಣಗಿದರೆ ಕಲ್ಲು, ನೆನೆದರೆ ಅಂಟು. ಹಗುರ ಗಾಡಿಯ ಹಿಂದಿನ ಚಕ್ರ ನಿಂತಲ್ಲೇ ತಿರುಗುತ್ತದೆ. ಹೊಳೆ ದಂಡೆಯ ಎರೆಗೆ ನಾಲ್ಕೂ ಚಕ್ರ ಎಳೆಯುವ ಗಾಡಿಯೇ ಸರಿ ಎಂಬುದು ನನ್ನ ಅಭಿಪ್ರಾಯ, ದುಡ್ಡು ಹೆಚ್ಚಾದರೂ. ಅದನ್ನು ತಂದ ಮೇಲೂ ಮಾಗಿ ಉಳುಮೆಯ ಆಸೆ ಇಟ್ಟುಕೊಳ್ಳಬೇಡಿ. ವರ್ಷಕ್ಕೊಮ್ಮೆ ಆಳವಾಗಿ ಉಳಲು ದೊಡ್ಡ ಟ್ರ್ಯಾಕ್ಟರನ್ನು ಬಾಡಿಗೆಗೆ ಕರೆಯುವುದೇ ಅಗ್ಗ. ಅದಕ್ಕೆಂದೇ ಕೃಷಿ ಯಂತ್ರಧಾರೆ ಕೇಂದ್ರಗಳೂ ಇವೆ. ಎರಡೇ ಎಕರೆ, ಅದೂ ಬರೀ ಮೆಕ್ಕೆಜೋಳ ಎನ್ನುವವರಿಗೆ ಸ್ವಂತ ಟ್ರ್ಯಾಕ್ಟರೇ ಬೇಡ, ಎಲ್ಲಕ್ಕೂ ಬಾಡಿಗೆ ಸಾಕು.

ಇಷ್ಟೆಲ್ಲ ಹೊಂದಿದ ಮೇಲೆ ಉಳಿದ ಎರಡು ಮೂರು ಗಾಡಿಗಳಲ್ಲಿ ಆರಿಸಬೇಕಾದದ್ದು ಮೆಕ್ಯಾನಿಕ್ ನೋಡಿ. ಬೆಂಗಳೂರಿನ ವಿಎಸ್‌ಟಿ ಕಂಪನಿ 1967ರಿಂದ ಇದೆ. ಅದರ ಪವರ್ ಟಿಲ್ಲರ್ ಬಿಚ್ಚಿ ಕಟ್ಟಿದ ಕೈಗಳು ಹಳ್ಳಿಗಳಲ್ಲಿವೆ. ಆದರೂ ನಿಮಗೆ ಬೇಕಾದ ಮಾಡೆಲ್ಲಿನ ಫಿಲ್ಟರು, ಕ್ಲಚ್ ಪ್ಲೇಟು ಹಡಗಲಿಯಲ್ಲೇ ಸಿಗುತ್ತದೋ, ಹೊಳೆ ದಾಟಿ ರಾಣೆಬೆನ್ನೂರಿಗೆ ಓಡಬೇಕೋ ವಿಚಾರಿಸಿ. ಅದೇ ಮಾಡೆಲ್ ಇಟ್ಟುಕೊಂಡ ರೈತರನ್ನು ಹುಡುಕಿ, ಬಿತ್ತನೆ ಹೊತ್ತಿನಲ್ಲಿ ಗಾಡಿ ನಿಂತಾಗ ಮೆಕ್ಯಾನಿಕ್ ಎಷ್ಟು ದಿನಕ್ಕೆ ಬಂದ ಎಂದು ಕೇಳಿ.

ದರದ ಮಾತು. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಹಳೆಯ ದರಪಟ್ಟಿ ತೋರಿಸಿದರೆ ಒಪ್ಪಬೇಡಿ. ಸಹಾಯಧನ ಬೇಕೆನ್ನುವವರು ಪಹಣಿ, ಆಧಾರ್, ಫ್ರೂಟ್ಸ್ ಗುರುತಿನ ಸಂಖ್ಯೆ ಹಿಡಿದು ಮೊದಲು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ, ಯಾವ ಮಾಡೆಲ್ಲಿಗೆ ಎಷ್ಟು ಸಿಗುತ್ತದೆ ಎಂದು ತಿಳಿದುಕೊಳ್ಳಿ. ಮುಂಗಡ ಕೊಡುವ ಮೊದಲು ಡೀಲರನಿಗೆ ಒಂದು ಮಾತು ಹೇಳಿ: ಗಾಡಿಯನ್ನು ರೋಟವೇಟರ್ ಸಮೇತ ನಮ್ಮ ಹೊಲಕ್ಕೇ ತಂದು ಓಡಿಸಿ ತೋರಿಸಿ. ತರಲು ಒಪ್ಪದಿದ್ದರೆ ಇನ್ನೊಂದು ಅಂಗಡಿ ನೋಡಿ.