ಲೇಖನಕ್ಕಿಂತ ಮೊದಲು ಬರೆಯುವ ಪತ್ರ

(ಅನಿವಾಸಿ ಬರಹಗಾರರ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)

ವೇದಿಕೆಯಲ್ಲಿರುವ ಹಿರಿಯರೇ, ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಬಂದು ಹಿಂದಿನ ಸಾಲಿನಲ್ಲಿ ಕೂತಿರುವ ಸಹೋದರರೇ,

ಪತ್ರಿಕೆಗೆ ಬರೆಯುವುದು ಹೇಗೆ ಅಂತ ಮಾತಾಡಲಿಕ್ಕೆ ಹೇಳಿದ್ದಾರೆ. ಬರೆಯುವುದು ನಿಮಗೆ ಗೊತ್ತುಂಟು. ನಮ್ಮ ಗ್ರೂಪುಗಳಲ್ಲಿ ದಿನಾ ಓದ್ತೇನಲ್ಲ. ಆದರೆ ಆ ಬರಹ ಎರಡು ದಿನ ಫಾರ್ವರ್ಡ್ ಆಗ್ತದೆ, ಬರೆದವರ ಹೆಸರು ಉದುರಿ ಹೋಗ್ತದೆ, ಮೂರನೇ ದಿನ ಯಾರದ್ದೋ ಹೆಸರಿನಲ್ಲಿ ನಮ್ಮ ಫೋನಿಗೇ ತಿರುಗಿ ಬರ್ತದೆ. ಹಾಗಾಗಿ ಇವತ್ತು ನಾನು ಮಾತಾಡುವುದು ಲೇಖನದ ಬಗ್ಗೆ ಅಲ್ಲ. ಲೇಖನ ಬರೆಯುವ ಮೊದಲು ಸಂಪಾದಕರಿಗೆ ಕಳಿಸುವ ಸಣ್ಣ ಪತ್ರದ ಬಗ್ಗೆ.

ಊರಿನ ಒಂದು ಪತ್ರಿಕೆಯ ಪುರವಣಿ ವಿಭಾಗದಲ್ಲಿ ನಾನು ಕೆಲವು ವರ್ಷ ಇದ್ದೆ. ಗಲ್ಫಿನಿಂದ ಬರುವ ಈಮೇಲುಗಳಲ್ಲಿ ಹೆಚ್ಚಿನವಕ್ಕೆ ಎರಡೇ ತಲೆಬರಹ: 'ಗಲ್ಫ್ ಬದುಕಿನ ನೋವು ನಲಿವು', ಇಲ್ಲದಿದ್ದರೆ 'ಅನಿವಾಸಿಯ ಕಣ್ಣೀರು'. ಕಣ್ಣೀರು ಸುಳ್ಳಲ್ಲ. ಆದರೆ ಅದು ವಿಷಯ ಮಾತ್ರ, ಐಡಿಯಾ ಅಲ್ಲ. ಸಂಪಾದಕರಿಗೆ ಬೇಕಾದದ್ದು ಐಡಿಯಾ.

ಎರಡಕ್ಕೂ ಎಂತ ವ್ಯತ್ಯಾಸ? ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ 12.30ರಿಂದ 3ರ ವರೆಗೆ ನೇರ ಬಿಸಿಲಿನಲ್ಲಿ ಕೆಲಸ ಮಾಡಿಸುವ ಹಾಗಿಲ್ಲ. ಸೌದಿಯಲ್ಲೂ ಅದೇ ತಾರೀಕು, 12ರಿಂದ 3. 'ಬಿಸಿಲಿನಲ್ಲಿ ಕಾರ್ಮಿಕರ ಕಷ್ಟ' ಅಂದರೆ ವಿಷಯ. ಆ ಎರಡೂವರೆ ಗಂಟೆ ಸೈಟಿನಲ್ಲಿ ಯಾರು ಎಲ್ಲಿ ಮಲಗ್ತಾರೆ, ಊಟದ ಡಬ್ಬಿ ಹೇಗಿರ್ತದೆ, ಯಾರು ಯಾರಿಗೆ ಫೋನ್ ಮಾಡ್ತಾರೆ, ಊರಲ್ಲಿ ಆಗ ಎರಡು ಗಂಟೆ, ಮಕ್ಕಳು ಶಾಲೆಯಲ್ಲಿ, ಉಮ್ಮ ಊಟ ಮಾಡಿ ಅಡ್ಡಾಗುವ ಹೊತ್ತು, ಹಾಗಾಗಿ ಕೆಲವರು ಫೋನ್ ಕೈಯಲ್ಲಿ ಹಿಡಿದು ಸುಮ್ಮನೆ ಕೂತಿರ್ತಾರೆ. ಇದು ಐಡಿಯಾ. ಮಂಗಳೂರಿನ ಯಾವ ವರದಿಗಾರನಿಗೂ ಇದನ್ನು ಬರೆಯಲಿಕ್ಕೆ ಆಗುವುದಿಲ್ಲ.

ಪತ್ರ ಹೀಗಿದ್ದರೆ ಸಾಕು:

"ಮಾನ್ಯರೇ, ನಾನು ಬಂಟ್ವಾಳ ಕಡೆಯವನು. ಹನ್ನೊಂದು ವರ್ಷದಿಂದ ಅಬುಧಾಬಿಯಲ್ಲಿ ಸ್ಕ್ಯಾಫೋಲ್ಡಿಂಗ್ ಕೆಲಸದಲ್ಲಿದ್ದೇನೆ. ಜೂನ್ 15ರಿಂದ ಇಲ್ಲಿ ಮಧ್ಯಾಹ್ನದ ಬಿಡುವು ಆರಂಭವಾಗುತ್ತದೆ. ಆ ಎರಡೂವರೆ ಗಂಟೆಯಲ್ಲಿ ಒಂದು ಸೈಟಿನಲ್ಲಿ ಏನೇನು ನಡೆಯುತ್ತದೆ ಎಂಬುದನ್ನು 800 ಪದಗಳಲ್ಲಿ ಬರೆಯಬೇಕೆಂದಿದ್ದೇನೆ. ಜೂನ್ ಎರಡನೇ ವಾರದ ಸಂಚಿಕೆಗೆ ಹೊಂದಬಹುದು. ಒಪ್ಪಿದರೆ ಮೇ 25ರೊಳಗೆ ಕಳಿಸುತ್ತೇನೆ. ಇದು ಎಲ್ಲಿಯೂ ಪ್ರಕಟವಾಗಿಲ್ಲ."

ಅಷ್ಟೇ. 'ನಾನು ಹೆಚ್ಚು ಓದಿದವನಲ್ಲ, ತಪ್ಪಿದ್ದರೆ ಕ್ಷಮಿಸಿ' ಅಂತ ನಮ್ಮವರು ಯಾಕೆ ಬರೀತಾರೋ! ಕಾಗುಣಿತ ತಿದ್ದಲಿಕ್ಕೆ ಅಲ್ಲಿ ಸಂಬಳಕ್ಕೆ ಜನ ಉಂಟು. ಸ್ಕ್ಯಾಫೋಲ್ಡಿಂಗ್ ಹತ್ತಿದ ಜನ ಅಲ್ಲಿಲ್ಲ. ನಿಮ್ಮ ಹನ್ನೊಂದು ವರ್ಷವೇ ನಿಮ್ಮ ಡಿಗ್ರಿ ಅಂತ ತಿಳ್ಕೊಳ್ಳಿ.

ಕಳಿಸುವ ಮೊದಲು ಆ ಪತ್ರಿಕೆಯ ಮೂರು ನಾಲ್ಕು ಸಂಚಿಕೆ ಓದಿ. ವಾರ್ತಾಭಾರತಿ, ಉದಯವಾಣಿ, ಪ್ರಜಾವಾಣಿಯಂತಹ ದಿನಪತ್ರಿಕೆಯ ಪುರವಣಿ ಬೇರೆ, ಸುಧಾ, ತರಂಗದಂತಹ ವಾರಪತ್ರಿಕೆ ಬೇರೆ. ಹಬ್ಬದ ವಿಶೇಷಾಂಕಕ್ಕಾದರೆ ಎರಡು ತಿಂಗಳು ಮೊದಲೇ ಕೇಳಬೇಕು. ರಂಝಾನ್ ಚಂದ್ರ ಕಂಡ ಮೇಲೆ ರಂಝಾನ್ ಲೇಖನ ಬಂದರೆ ಅದನ್ನು ಇಡಲಿಕ್ಕೆ ಪುಟ ಇರುವುದಿಲ್ಲ. ಫೋನಿನಲ್ಲಿ ಯುನಿಕೋಡಿನಲ್ಲಿ ಟೈಪ್ ಮಾಡಿ ಈಮೇಲಿನ ಒಳಗೇ ಹಾಕಿ. ಕೈಬರಹದ ಫೋಟೋ ತೆಗೆದು ಕಳಿಸಿದರೆ ಅದನ್ನು ಕುಟ್ಟುವವರು ಯಾರು?

ಉತ್ತರ ಬಾರದಿದ್ದರೆ ಎರಡು ಮೂರು ವಾರ ಕಾದು ಒಮ್ಮೆ ನೆನಪಿಸಿ. ಮತ್ತೂ ಬಾರದಿದ್ದರೆ 'ಬೇರೆ ಕಡೆ ಕಳಿಸ್ತಾ ಇದ್ದೇನೆ' ಅಂತ ತಿಳಿಸಿ ಬೇರೆ ಪತ್ರಿಕೆಗೆ ಬರೀರಿ. ಒಂದೇ ಲೇಖನವನ್ನು ಐದು ಕಡೆ ಒಟ್ಟಿಗೆ ಎಸೆಯುವ ಅಭ್ಯಾಸ ನಮ್ಮಲ್ಲಿ ಉಂಟು. ಒಂದೇ ಭಾನುವಾರ ಎರಡು ಪತ್ರಿಕೆಯಲ್ಲಿ ಬಂತೆಂದರೆ ಎರಡೂ ಬಾಗಿಲು ಮುಚ್ಚಿತು ಅಂತ ಲೆಕ್ಕ.

ಈಗ ಹೇಳುವುದನ್ನು ಸ್ವಲ್ಪ ಗಮನ ಕೊಟ್ಟು ಕೇಳಿ. ಮಂಗಳೂರಿನಲ್ಲಿ ಅಚ್ಚಾದದ್ದು ಅರ್ಧ ಗಂಟೆಯಲ್ಲಿ ಇಲ್ಲಿಯ ಫೋನಿಗೆ ಬರ್ತದೆ, ಕಂಪೆನಿಯವರ ಫೋನಿಗೂ ಬರ್ತದೆ. ಯುಎಇಯಲ್ಲಿ ಒಬ್ಬರ ಫೋಟೋವನ್ನು ಅವರ ಒಪ್ಪಿಗೆ ಇಲ್ಲದೆ ತೆಗೆದು ಹಂಚುವುದು ಅಪರಾಧ. ಆನ್‌ಲೈನಿನಲ್ಲಿ ನಿಂದನೆ, ಮಾನಹಾನಿ ಕೂಡ ಕ್ರಿಮಿನಲ್ ಪ್ರಕರಣ. ಹಾಗಾಗಿ ಕ್ಯಾಂಪಿನ ರೂಮ್‌ಮೇಟ್ ಮಲಗಿದ ಚಿತ್ರ, ಕಂಪೆನಿಯ ಬೋರ್ಡು, ಬಸ್ಸಿನ ನಂಬರು, ಇದು ಯಾವುದೂ ಲೇಖನದ ಜೊತೆ ಹೋಗಬಾರದು. ನಿಮ್ಮ ಹೆಸರು ಬೇಡ ಅಂತಾದರೆ ಮೊದಲ ಪತ್ರದಲ್ಲೇ ಹೇಳಿ, ಅವರು ಒಪ್ಪಿದ ಮೇಲೆಯೇ ಲೇಖನ ಕಳಿಸಿ. ಅಚ್ಚಾದ ಮೇಲೆ ಹೆಸರು ಅಳಿಸಲಿಕ್ಕೆ ಆಗುವುದಿಲ್ಲ. ಸಂಬಳ ಬಾಕಿ ಇರುವವರು ಮೊದಲು ಪತ್ರಿಕೆಗೆ ಬರೆಯಬೇಡಿ. ಕಾರ್ಮಿಕ ಇಲಾಖೆಗೆ ದೂರು ಕೊಡಿ, ರಾಯಭಾರ ಕಚೇರಿಗೆ ಹೋಗಿ, ನಮ್ಮ ಸಂಘಟನೆಯ ಕಾರ್ಯಕರ್ತರು ಜೊತೆಗೆ ಬರ್ತಾರೆ. ಹಣ ಕೈಗೆ ಬಂದ ಮೇಲೆ ಬರೆದರೂ ಆ ಬರಹ ಹಳಸುವುದಿಲ್ಲ.

ದುಡ್ಡಿನ ವಿಷಯ ಕೇಳ್ತೀರಿ ಅಂತ ಗೊತ್ತು. ಗೌರವ ಸಂಭಾವನೆ ಕೆಲವರು ಕೊಡ್ತಾರೆ, ಕೆಲವರು ಇಲ್ಲ. ಲೇಖನ ಒಪ್ಪಿದ ಮೇಲೆ ಒಂದು ಸಾಲಿನಲ್ಲಿ ಕೇಳಬಹುದು, ನಾಚಿಕೆ ಬೇಡ. ಅನಿವಾಸಿಗಳು ಊರಿನ ಸಂಭಾವನೆಯನ್ನು ಎನ್‌ಆರ್‌ಒ ಖಾತೆಗೆ ಹಾಕಿಸಿಕೊಳ್ಳಬೇಕು. ಇಲ್ಲಿಯ ಸಂಸ್ಥೆಗಳಿಗೆ ಹಣಕ್ಕೆ ಬರೆಯುವುದಾದರೆ ಮಾತ್ರ ವೀಸಾ, ಪರವಾನಗಿಯ ಪ್ರಶ್ನೆ ಬರ್ತದೆ, ವಿಚಾರಿಸಿಯೇ ಮುಂದುವರಿಯಿರಿ. ಈ ದುಡ್ಡಿನಲ್ಲಿ ಮನೆಯ ಸ್ಲ್ಯಾಬ್ ಹಾಕಿಸುವ ಲೆಕ್ಕ ಯಾರೂ ಮಾಡಬೇಡಿ.

ಮತ್ತೆ, ಮನೆಯಲ್ಲಿ ಈ ಪತ್ರಿಕೆ ಓದುವ ಸಹೋದರಿಯರಿಗೆ ಒಂದು ಮಾತು. ಸಾರಾ ಅಬೂಬಕ್ಕರ್ ಅವರು ಶುರು ಮಾಡಿದ್ದು ಕಾದಂಬರಿಯಿಂದ ಅಲ್ಲ, 1981ರಲ್ಲಿ ಲಂಕೇಶ್ ಪತ್ರಿಕೆಗೆ ಬರೆದ ಒಂದು ಲೇಖನದಿಂದ. ಆಗ ಅವರಿಗೆ ನಲ್ವತ್ತು ದಾಟಿತ್ತು. 'ಚಂದ್ರಗಿರಿಯ ತೀರದಲ್ಲಿ' ಅದೇ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಗಂಡ ಗಲ್ಫಿನಲ್ಲಿರುವ ಮನೆಯ ಲೆಕ್ಕಪುಸ್ತಕ, ಬ್ಯಾಂಕ್, ಶಾಲೆ, ಆಸ್ಪತ್ರೆ ಎಲ್ಲ ಒಬ್ಬರೇ ನೋಡಿಕೊಳ್ಳುವವರು ನೀವು. ಅದರ ಬಗ್ಗೆ ನಾವು ಗಂಡಸರು ಬರೆದದ್ದೇ ಹೆಚ್ಚು, ಅದೂ ಅರ್ಧಂಬರ್ಧ.

ಊಟ ಆದ ಮೇಲೆ ಅಸರ್ ತನಕ ನಾನು ಪಕ್ಕದ ಕೋಣೆಯಲ್ಲಿರ್ತೇನೆ. ಲೇಖನ ತರಬೇಡಿ. ಆ ಐದಾರು ಸಾಲಿನ ಪತ್ರ ಬರೆದು ತನ್ನಿ, ಒಟ್ಟಿಗೆ ಕೂತು ನೋಡುವ.